ಧ್ವನಿಮತದಲ್ಲಿ ಎಷ್ಟು ಮತ?

ಓದುಗರ ಪ್ರಶ್ನೆ, ನಮ್ಮ ಉತ್ತರ

ರಾಜ್ಯಸಭೆಯ ಕಲಾಪದ ನೇರಪ್ರಸಾರ ನೋಡುವ ಓದುಗರು ಕಳಿಸಿದ ಪತ್ರಗಳಲ್ಲಿ ಕೆಲವನ್ನು ಈ ಸಂಚಿಕೆಯಲ್ಲಿ ಒಟ್ಟಿಗೆ ಎತ್ತಿಕೊಂಡಿದ್ದೇವೆ.

ಪ್ರಶ್ನೆ: ಬೆಳಿಗ್ಗೆ ಹನ್ನೊಂದಕ್ಕೆ ಟೀವಿ ಹಾಕಿಕೊಂಡು ಕೂತರೆ ಸಚಿವರು ಒಬ್ಬೊಬ್ಬರಾಗಿ ಎದ್ದು ಒಂದೊಂದು ವಾಕ್ಯ ಹೇಳಿ ಕೂತುಬಿಡುತ್ತಾರೆ. ಆಮೇಲೆ ಸದಸ್ಯರು ಮಾತಾಡುತ್ತಿರುವಾಗಲೇ ಮೈಕ್ ನಿಂತುಹೋಗುತ್ತದೆ. ಮಸೂದೆಯ ಚರ್ಚೆ ಕಾಣುವುದೇ ಇಲ್ಲ. ಅಲ್ಲಿ ದಿನದ ಕ್ರಮ ಹೇಗಿರುತ್ತದೆ?
– ನಿವೃತ್ತ ಶಿಕ್ಷಕರೊಬ್ಬರು, ಸಾಗರ

ಉತ್ತರ: ನೀವು ನೋಡಿದ ಮೊದಲ ಭಾಗಕ್ಕೆ ಕಾಗದಪತ್ರಗಳ ಮಂಡನೆ ಎನ್ನುತ್ತಾರೆ. ಇಲಾಖೆಗಳ ವಾರ್ಷಿಕ ವರದಿ, ಲೆಕ್ಕಪತ್ರ, ಅಧಿಸೂಚನೆ, ಸಂಸದೀಯ ಸಮಿತಿಗಳ ವರದಿ ಇವೆಲ್ಲ ಆಗ ಸದನದ ಮೇಜಿಗೆ ಬರುತ್ತವೆ. ನೋಡಲು ನೀರಸವೇ ಸರಿ, ಆದರೆ ಒಮ್ಮೆ ಮಂಡನೆಯಾದ ವರದಿ ಸಾರ್ವಜನಿಕ ದಾಖಲೆಯಾಗುತ್ತದೆ ಎಂಬುದನ್ನು ಗಮನಿಸಬೇಕು. ಅದರ ಬೆನ್ನಿಗೆ, ದಿನದ ಕಾರ್ಯಸೂಚಿಯನ್ನು ಬದಿಗಿಟ್ಟು ತುರ್ತು ವಿಷಯ ಚರ್ಚಿಸಬೇಕೆಂದು 267ನೇ ನಿಯಮದಡಿ ಬಂದ ಸೂಚನೆಗಳನ್ನು ಸಭಾಪತಿಯವರು ಪ್ರಸ್ತಾಪಿಸುತ್ತಾರೆ. ಇತ್ತೀಚಿನ ವರ್ಷಗಳಲ್ಲಿ ಅವುಗಳಿಗೆ ಒಪ್ಪಿಗೆ ಸಿಕ್ಕಿರುವುದು ಅಪರೂಪ. 2016ರ ನವೆಂಬರ್‌ನಲ್ಲಿ ನೋಟು ಅಮಾನ್ಯದ ಬಗ್ಗೆ ಈ ನಿಯಮದಡಿ ಚರ್ಚೆಯಾಗಿತ್ತು. ದಿನದ ಮೊದಲ ಗದ್ದಲ ಏಳುವುದು ಸಾಮಾನ್ಯವಾಗಿ ಈ ಹಂತದಲ್ಲಿಯೇ.

ಆನಂತರದ್ದು ಶೂನ್ಯ ವೇಳೆ, ಅಂದರೆ ಸದಸ್ಯರು ಜನರಿಗೆ ಸಂಬಂಧಿಸಿದ ತುರ್ತು ವಿಷಯಗಳನ್ನು ಎತ್ತುವ ಹೊತ್ತು. ಒಬ್ಬರಿಗೆ ಮೂರು ನಿಮಿಷ. ಅವಧಿ ಮುಗಿದೊಡನೆ ಮೈಕ್ ತಾನಾಗಿಯೇ ನಿಲ್ಲುತ್ತದೆ, ಆಡುತ್ತಿದ್ದ ವಾಕ್ಯ ಅರ್ಧಕ್ಕೆ ನಿಂತರೂ ಸರಿ. ಹನ್ನೆರಡರಿಂದ ಒಂದರವರೆಗೆ ಪ್ರಶ್ನೋತ್ತರ ವೇಳೆ. ಲೋಕಸಭೆಯಲ್ಲಿ ಇದು ಹನ್ನೊಂದಕ್ಕೇ ನಡೆಯುತ್ತದೆ. ರಾಜ್ಯಸಭೆಯಲ್ಲೂ ಹಾಗೆಯೇ ಇತ್ತು. ಹನ್ನೊಂದರ ಗದ್ದಲಕ್ಕೆ ಪ್ರಶ್ನೋತ್ತರ ಪದೇ ಪದೇ ಕೊಚ್ಚಿಹೋಗುತ್ತಿದ್ದುದರಿಂದ ಹಮೀದ್ ಅನ್ಸಾರಿಯವರು ಸಭಾಪತಿಯಾಗಿದ್ದಾಗ, 2014ರ ಚಳಿಗಾಲದ ಅಧಿವೇಶನದಿಂದ ಅದನ್ನು ಒಂದು ಗಂಟೆ ಮುಂದಕ್ಕೆ ಹಾಕಲಾಯಿತು. ಗದ್ದಲವೂ ಒಂದು ಗಂಟೆ ಮುಂದಕ್ಕೆ ಸಾಗಬಲ್ಲದು ಎಂಬುದನ್ನು ಆಮೇಲಿನ ಅಧಿವೇಶನಗಳು ತೋರಿಸಿವೆ, ಆ ಮಾತು ಬೇರೆ. ದಿನಕ್ಕೆ 15 ಚುಕ್ಕೆ ಗುರುತಿನ ಪ್ರಶ್ನೆಗಳು ಪಟ್ಟಿಯಲ್ಲಿರುತ್ತವೆ. ಸಚಿವರು ಬಾಯಿಮಾತಿನಲ್ಲಿ ಉತ್ತರಿಸಿ ಉಪಪ್ರಶ್ನೆಗಳನ್ನು ಎದುರಿಸಬೇಕಾದದ್ದು ಇವುಗಳಿಗೆ ಮಾತ್ರ. ಚುಕ್ಕೆ ಗುರುತಿಲ್ಲದ 160 ಪ್ರಶ್ನೆಗಳಿಗೆ ಲಿಖಿತ ಉತ್ತರ ಸಿಗುತ್ತದೆ.

ನೀವು ಕಾಯುತ್ತಿದ್ದ ಮಸೂದೆಗಳು ಬಹುಮಟ್ಟಿಗೆ ಊಟದ ವಿರಾಮದ ಬಳಿಕ, ಎರಡು ಗಂಟೆಯ ಮೇಲೆ ಬರುತ್ತವೆ. ಶುಕ್ರವಾರ ಮಧ್ಯಾಹ್ನ ಎರಡೂವರೆಯ ನಂತರದ ಹೊತ್ತು ಖಾಸಗಿ ಸದಸ್ಯರ, ಅಂದರೆ ಸಚಿವರಲ್ಲದ ಸದಸ್ಯರ, ಮಸೂದೆ ಮತ್ತು ನಿರ್ಣಯಗಳಿಗೆ ಮೀಸಲು. ಟೀವಿಯನ್ನು ಬೆಳಿಗ್ಗೆ ಆರಿಸಿ ಮಧ್ಯಾಹ್ನ ಹಾಕಿಕೊಳ್ಳುವುದು ಒಳಿತು.

ಪ್ರಶ್ನೆ: ‘ಗದ್ದಲದ ನಡುವೆಯೇ ಧ್ವನಿಮತದಿಂದ ಮಸೂದೆ ಅಂಗೀಕಾರ’ ಎಂದು ಪತ್ರಿಕೆಗಳಲ್ಲಿ ಓದುತ್ತೇವೆ. ಎಲ್ಲರೂ ಕೂಗುತ್ತಿರುವಾಗ ಯಾರ ಧ್ವನಿ ಹೆಚ್ಚೆಂದು ಪೀಠಕ್ಕೆ ಹೇಗೆ ತಿಳಿಯುತ್ತದೆ? ಇದು ಕಾನೂನುಬದ್ಧವೇ?
– ಕಾನೂನು ವಿದ್ಯಾರ್ಥಿನಿ, ದಾವಣಗೆರೆ

ಉತ್ತರ: ಕಾನೂನುಬದ್ಧವೇ. ಆದರೆ ಧ್ವನಿಮತವೆಂದರೆ ಧ್ವನಿಯ ಅಳತೆಯಲ್ಲ. ಪರವಾಗಿರುವವರು ‘ಹೌದು’ ಎನ್ನಿ, ವಿರೋಧವಿರುವವರು ‘ಇಲ್ಲ’ ಎನ್ನಿ ಎಂದು ಕೇಳಿ, ‘ಹೌದು ಎನ್ನುವವರೇ ಹೆಚ್ಚೆಂದು ಭಾವಿಸುತ್ತೇನೆ’ ಎಂದು ಪೀಠದಲ್ಲಿರುವವರು ಹೇಳುತ್ತಾರೆ. ‘ಭಾವಿಸುತ್ತೇನೆ’ ಎಂದು ಹೇಳುವುದಕ್ಕೆ ಕಾರಣವಿದೆ: ಅದು ತೀರ್ಪಲ್ಲ, ಸದನದ ಮುಂದಿಟ್ಟ ಅಂದಾಜು. ಯಾರೂ ತಕರಾರು ತೆಗೆಯದಿದ್ದರೆ ಮಾತ್ರ ಅದು ತೀರ್ಮಾನವಾಗಿ ಗಟ್ಟಿಯಾಗುತ್ತದೆ. ತಕರಾರು ತೆಗೆದು ಮತ ವಿಭಜನೆ ಕೇಳಿದರೆ ಗಂಟೆ ಬಾರಿಸುತ್ತದೆ, ಮೊಗಸಾಲೆಯಲ್ಲೋ ಕ್ಯಾಂಟೀನಿನಲ್ಲೋ ಇದ್ದವರು ಓಡಿಬರುತ್ತಾರೆ, ಬಾಗಿಲು ಮುಚ್ಚುತ್ತದೆ, ತಲೆ ಎಣಿಕೆಯಾಗುತ್ತದೆ. ವಿಭಜನೆಯನ್ನು ಸುಮ್ಮನೆ ಕೇಳಲಾಗಿದೆ ಎಂದು ಪೀಠಕ್ಕೆ ಅನ್ನಿಸಿದರೆ ಸದಸ್ಯರನ್ನು ಇದ್ದಲ್ಲಿಯೇ ಎದ್ದು ನಿಲ್ಲಿಸಿ ಎಣಿಸಲೂ ಅವಕಾಶವಿದೆ.

ಇದು ವಿವಾದವಾದ ದಿನ 2020ರ ಸೆಪ್ಟೆಂಬರ್ 20. ಅಂದು ಭಾನುವಾರ, ಕೋವಿಡ್ ಕಾಲದ ಆ ಅಧಿವೇಶನದಲ್ಲಿ ವಾರದ ರಜೆ ಇರಲಿಲ್ಲ, ಪ್ರಶ್ನೋತ್ತರ ವೇಳೆಯೂ ಇರಲಿಲ್ಲ, ಸದಸ್ಯರನ್ನು ಅಂತರ ಕಾಯ್ದುಕೊಳ್ಳಲೆಂದು ಎರಡೂ ಸದನಗಳಲ್ಲಿ ಮತ್ತು ಗ್ಯಾಲರಿಗಳಲ್ಲಿ ಹಂಚಿ ಕೂರಿಸಲಾಗಿತ್ತು. ಮೂರು ಕೃಷಿ ಮಸೂದೆಗಳ ಪೈಕಿ ಎರಡು ಅಂದು ಬಂದವು. ಅವನ್ನು ವಿವರವಾಗಿ ಪರಿಶೀಲಿಸಲು ಸದಸ್ಯರ ಆಯ್ಕೆ ಸಮಿತಿಗೆ ಕಳಿಸಬೇಕೆಂಬ ವಿರೋಧ ಪಕ್ಷಗಳ ಪ್ರಸ್ತಾವ ಧ್ವನಿಮತದಲ್ಲಿ ಬಿದ್ದಿತೆಂದು ಪೀಠದಲ್ಲಿದ್ದ ಉಪಸಭಾಪತಿ ಹರಿವಂಶ್ ಘೋಷಿಸಿದರು. ವಿಭಜನೆ ಕೇಳಿದ್ದೆವು, ಕೊಡಲಿಲ್ಲ ಎಂದು ವಿರೋಧ ಪಕ್ಷದವರು ಸದನದ ಬಾವಿಗಿಳಿದರು. ಕೇಳಿದವರು ತಮ್ಮ ಸ್ಥಾನದಲ್ಲಿರಲಿಲ್ಲ, ಸದನ ಸುವ್ಯವಸ್ಥೆಯಲ್ಲಿರಲಿಲ್ಲ, ಹಾಗಿರುವಾಗ ವಿಭಜನೆ ಸಾಧ್ಯವಿಲ್ಲ ಎಂಬುದು ಪೀಠದ ಕಡೆಯ ಸಮರ್ಥನೆ. ಸ್ಥಾನದಲ್ಲೇ ಇದ್ದು ಕೇಳಿದ್ದೆವು ಎಂಬುದು ವಿರೋಧ ಪಕ್ಷದ ಸದಸ್ಯರ ಮರುವಾದ. ಮರುದಿನ ಎಂಟು ಸದಸ್ಯರು ಅಮಾನತಾದರು. ಉಪಸಭಾಪತಿಯವರ ವಿರುದ್ಧದ ಅವಿಶ್ವಾಸ ಸೂಚನೆಯನ್ನು ಸಭಾಪತಿ ವೆಂಕಯ್ಯ ನಾಯ್ಡು ತಳ್ಳಿಹಾಕಿದರು.

ಯಾರ ವಾದ ಸರಿ ಎನ್ನುವುದಕ್ಕಿಂತ, ಸಂಖ್ಯೆ ತನ್ನ ಕಡೆಗೇ ಇದೆ ಎನ್ನುತ್ತಿದ್ದ ಆಡಳಿತ ಪಕ್ಷಕ್ಕೆ ಎಣಿಕೆಯಿಂದ ಆಗುತ್ತಿದ್ದ ನಷ್ಟ ಕೆಲವೇ ನಿಮಿಷಗಳದ್ದು ಎಂಬುದು ನಮಗೆ ಮುಖ್ಯವಾಗಿ ಕಾಣುತ್ತದೆ. ಸದನವನ್ನು ಹತ್ತು ನಿಮಿಷ ಮುಂದೂಡಿ, ಮತ್ತೆ ಸೇರಿಸಿ ಎಣಿಸಿದ್ದರೆ ಮಸೂದೆಯ ಬಗ್ಗೆ ಜಗಳ ಉಳಿಯುತ್ತಿತ್ತೇ ಹೊರತು ಅದು ಅಂಗೀಕಾರವಾದ ರೀತಿಯ ಬಗ್ಗೆ ಉಳಿಯುತ್ತಿರಲಿಲ್ಲ. ಅತ್ತ ಬಾವಿಗಿಳಿದು ಕಾಗದ ಹರಿದವರು, ವಿಭಜನೆ ನಿರಾಕರಿಸಲು ಬೇಕಾದ ಕಾರಣವನ್ನು ತಾವೇ ಒದಗಿಸಿಕೊಟ್ಟರು ಎಂಬುದನ್ನೂ ಹೇಳಲೇಬೇಕು. ಮುಂದೆ 2021ರ ನವೆಂಬರ್ 29ರಂದು ಅದೇ ಕಾಯ್ದೆಗಳನ್ನು ಹಿಂಪಡೆಯುವ ಮಸೂದೆ ಉಭಯ ಸದನಗಳಲ್ಲಿ ಒಂದೇ ದಿನ, ಚರ್ಚೆಯಿಲ್ಲದೆ, ಧ್ವನಿಮತದಿಂದಲೇ ಅಂಗೀಕಾರವಾಯಿತು.

ಪ್ರಶ್ನೆ: ಹಾಗಾದರೆ 2023ರ ಮಹಿಳಾ ಮೀಸಲಾತಿ ಮಸೂದೆಯನ್ನು ಎಲ್ಲರೂ ಒಪ್ಪಿದ್ದರೂ ರಾತ್ರಿಯವರೆಗೆ ಕೂತು ಎಣಿಸಿದ್ದೇಕೆ?
– ಗೃಹಿಣಿಯೊಬ್ಬರು, ಕಲಬುರಗಿ

ಉತ್ತರ: ಅದು ಸಂವಿಧಾನ ತಿದ್ದುಪಡಿ ಮಸೂದೆ. 368ನೇ ವಿಧಿಯ ಪ್ರಕಾರ ಒಟ್ಟು ಸದಸ್ಯಬಲದ ಅರ್ಧಕ್ಕಿಂತ ಹೆಚ್ಚು ಮಂದಿ, ಜೊತೆಗೆ ಹಾಜರಿದ್ದು ಮತ ಹಾಕಿದವರಲ್ಲಿ ಮೂರನೇ ಎರಡು ಭಾಗ ಪರವಾಗಿರಬೇಕು. ಎರಡು ಲೆಕ್ಕ ಕೂಡಿಬರಬೇಕಾದಲ್ಲಿ ಅಂದಾಜು ನಡೆಯುವುದಿಲ್ಲ; ವಿರೋಧಿಸುವವರು ಒಬ್ಬರೂ ಇಲ್ಲದಿದ್ದರೂ ಎಣಿಸಲೇಬೇಕು. 245 ಸ್ಥಾನಗಳ ಸದನದಲ್ಲಿ ಬೇಕಿದ್ದ ಕನಿಷ್ಠ ಸಂಖ್ಯೆ 123.

2023ರ ಸೆಪ್ಟೆಂಬರ್ 21ರ ಆ ದಿನವನ್ನು ಸ್ವಲ್ಪ ಹತ್ತಿರದಿಂದ ನೋಡಬಹುದು. ಹಿಂದಿನ ದಿನ ಲೋಕಸಭೆ 454–2 ಮತಗಳಿಂದ ಅಂಗೀಕರಿಸಿದ್ದ ಮಸೂದೆಯನ್ನು ಕಾನೂನು ಸಚಿವ ಅರ್ಜುನ್ ರಾಮ್ ಮೇಘವಾಲ್ ರಾಜ್ಯಸಭೆಯಲ್ಲಿ ಮಂಡಿಸಿದರು. ಸಭಾಪತಿ ಜಗದೀಪ್ ಧನಕರ್ ಅಂದಿನ ಮಟ್ಟಿಗೆ 13 ಮಂದಿ ಮಹಿಳಾ ಸದಸ್ಯರನ್ನೇ ಉಪಸಭಾಧ್ಯಕ್ಷರ ತಂಡಕ್ಕೆ ನೇಮಿಸಿದ್ದರಿಂದ ಚರ್ಚೆಯ ಹೊತ್ತಿನಲ್ಲಿ ಪೀಠದಲ್ಲಿ ಮಹಿಳೆಯರು ಸರದಿಯ ಮೇಲೆ ಕೂತರು. ವಿರೋಧ ಪಕ್ಷದ ನಾಯಕ, ನಿಮ್ಮ ಜಿಲ್ಲೆಯವರೇ ಆದ ಮಲ್ಲಿಕಾರ್ಜುನ ಖರ್ಗೆಯವರು ಮಸೂದೆಯನ್ನು ಬೆಂಬಲಿಸುತ್ತಲೇ, ಹಿಂದುಳಿದ ವರ್ಗದ ಮಹಿಳೆಯರಿಗೆ ಒಳಮೀಸಲಾತಿ ಏಕಿಲ್ಲ, ಕೂಡಲೇ ಜಾರಿ ಏಕಿಲ್ಲ ಎಂದು ಕೇಳಿದರು. ಜನಗಣತಿ ಮತ್ತು ಅದರ ಮೇಲಿನ ಕ್ಷೇತ್ರ ಪುನರ್ವಿಂಗಡಣೆ ಮುಗಿದ ಬಳಿಕವಷ್ಟೇ ಮೀಸಲಾತಿ ಜಾರಿ ಎಂಬ ಷರತ್ತು ಮಸೂದೆಯಲ್ಲಿಯೇ ಇತ್ತು.

ಚರ್ಚೆ ಮುಗಿದ ಮೇಲಿನ ಭಾಗವನ್ನು ಬಹಳ ಮಂದಿ ನೋಡುವುದಿಲ್ಲ. ಮಸೂದೆ ಕಾಯ್ದೆಯ ರೂಪ ಪಡೆಯುವುದು ಅಲ್ಲಿಯೇ. ಮೊದಲು ‘ಪರಿಗಣಿಸಬೇಕು’ ಎಂಬ ಪ್ರಸ್ತಾವ ಮತಕ್ಕೆ ಹೋಗುತ್ತದೆ. ಆಮೇಲೆ ಖಂಡಗಳನ್ನು, ಅಂದರೆ ಮಸೂದೆಯ ಅಂಕಿ ಹಾಕಿದ ಭಾಗಗಳನ್ನು, ಎತ್ತಿಕೊಳ್ಳುತ್ತಾರೆ, ಆದರೆ ಎರಡನೆಯ ಖಂಡದಿಂದ. ಮಸೂದೆಯ ಹೆಸರು ಮತ್ತು ಜಾರಿಗೆ ಬರುವ ದಿನ ಇರುವ ಮೊದಲ ಖಂಡ, ‘ಭಾರತ ಗಣರಾಜ್ಯದ ಇಂತಿಷ್ಟನೆಯ ವರ್ಷದಲ್ಲಿ’ ಎಂದು ಶುರುವಾಗುವ ವಾಕ್ಯ, ಪೂರ್ಣ ಶೀರ್ಷಿಕೆ ಇವು ಕೊನೆಗೆ. ಒಳಗಿನ ಖಂಡಗಳು ಬದಲಾದರೆ ಹೆಸರೂ ಬದಲಾಗಬೇಕಾದೀತು ಎಂಬುದು ಈ ತಲೆಕೆಳಗಿನ ಕ್ರಮದ ಹಿಂದಿರುವ ವಿವೇಕ. ತಿದ್ದುಪಡಿ ಸೂಚನೆ ಕೊಟ್ಟ ಸದಸ್ಯರ ಹೆಸರನ್ನು ಆಯಾ ಖಂಡ ಬಂದಾಗ ಕರೆಯುತ್ತಾರೆ. ಅವರು ಎದ್ದು ಮಂಡಿಸದಿದ್ದರೆ ತಿದ್ದುಪಡಿ ಅಲ್ಲಿಗೇ ಮುಗಿಯಿತು. ಎಲ್ಲ ಖಂಡಗಳೂ ಮುಗಿದ ಮೇಲೆ ‘ಅಂಗೀಕರಿಸಬೇಕು’ ಎಂಬ ಅಂತಿಮ ಪ್ರಸ್ತಾವ. ಅಂದು ಅದಕ್ಕೆ ಪರವಾಗಿ ಬಿದ್ದ ಮತ 214, ವಿರೋಧ ಸೊನ್ನೆ.

ಪ್ರಶ್ನೆ: ಇದೇ ಮಸೂದೆಯನ್ನು ರಾಜ್ಯಸಭೆ ಹಿಂದೊಮ್ಮೆ ಪಾಸು ಮಾಡಿತ್ತಲ್ಲವೇ? ಮತ್ತೆ ಮೊದಲಿನಿಂದ ಏಕೆ?
– ಬ್ಯಾಂಕ್ ಉದ್ಯೋಗಿ, ಉಡುಪಿ

ಉತ್ತರ: ಇದೇ ಮಸೂದೆಯಲ್ಲ, ಇದೇ ವಿಷಯದ ಬೇರೆ ಮಸೂದೆ. ಈ ಯತ್ನ ಮೊದಲು ಬಂದದ್ದು ಎಚ್.ಡಿ. ದೇವೇಗೌಡರು ಪ್ರಧಾನಿಯಾಗಿದ್ದಾಗ, 1996ರ ಸೆಪ್ಟೆಂಬರ್ 12ರಂದು ಲೋಕಸಭೆಯಲ್ಲಿ. ಅದೂ, ಆಮೇಲೆ ಬಂದವೂ ಲೋಕಸಭೆಯ ವಿಸರ್ಜನೆಯೊಂದಿಗೆ ಅಸುನೀಗಿದವು. ಆದ್ದರಿಂದ 2008ರಲ್ಲಿ ಯುಪಿಎ ಸರ್ಕಾರ ಮಸೂದೆಯನ್ನು ರಾಜ್ಯಸಭೆಯಲ್ಲೇ ಮಂಡಿಸಿತು. ರಾಜ್ಯಸಭೆಗೆ ವಿಸರ್ಜನೆಯಿಲ್ಲ, ಅಲ್ಲಿ ಬಾಕಿಯಿರುವ ಮಸೂದೆ ಸಾಯುವುದಿಲ್ಲ. 2010ರ ಮಾರ್ಚ್ 8ರಂದು ಸಭಾಪತಿಯವರ ಮೇಜಿನ ಬಳಿಯೇ ಮಸೂದೆಯ ಪ್ರತಿ ಹರಿದದ್ದು, ಮರುದಿನ ಏಳು ಸದಸ್ಯರ ಅಮಾನತು, ಮಾರ್ಷಲ್‌ಗಳ ಪ್ರವೇಶ, ಅದಾದ ಮೇಲೆ 186–1ರ ಅಂಗೀಕಾರ ಅನೇಕರಿಗೆ ನೆನಪಿರಬಹುದು.

ಆದರೆ ರಾಜ್ಯಸಭೆಯ ರಕ್ಷಣೆ ಮಸೂದೆ ಅಲ್ಲಿರುವವರೆಗೆ ಮಾತ್ರ. ಅಂಗೀಕಾರವಾಗಿ ಲೋಕಸಭೆಗೆ ಹೋದ ಕ್ಷಣದಿಂದ ಅದರ ಆಯುಷ್ಯ ಆ ಲೋಕಸಭೆಯ ಆಯುಷ್ಯಕ್ಕೆ ಗಂಟುಬೀಳುತ್ತದೆ. ನಾಲ್ಕು ವರ್ಷ ಲೋಕಸಭೆ ಅದನ್ನು ಎತ್ತಿಕೊಳ್ಳಲಿಲ್ಲ. 2014ರಲ್ಲಿ 15ನೇ ಲೋಕಸಭೆಯೊಡನೆ ಮಸೂದೆಯೂ ಹೋಯಿತು.

ಪ್ರಶ್ನೆ: ರಾಜ್ಯಸಭೆಯಲ್ಲಿ ಕನ್ನಡದಲ್ಲಿ ಮಾತಾಡಬಹುದೇ?
– ಕನ್ನಡ ಸಂಘದ ಸದಸ್ಯರು, ಮುಂಬಯಿ

ಉತ್ತರ: ಧಾರಾಳವಾಗಿ. ಮುಂಚಿತವಾಗಿ ತಿಳಿಸಿದರೆ ಭಾಷಾಂತರಕಾರರು ಏಕಕಾಲದಲ್ಲಿ ಅನುವಾದಿಸುತ್ತಾರೆ. ಎಂಟನೇ ಅನುಸೂಚಿಯ 22 ಭಾಷೆಗಳಿಗೂ ಈ ಸೌಲಭ್ಯ 2018ರಿಂದ ಇದೆ. ಕನ್ನಡಕ್ಕೆ ಅದಕ್ಕೂ ಮೊದಲೇ ಇತ್ತು.

ಪ್ರಶ್ನೆ: ಮೇಲ್ಮನೆ ನಿಜವಾಗಿ ಏನನ್ನಾದರೂ ತಡೆಯಬಲ್ಲುದೇ, ಇಲ್ಲ ಬರೀ ಮುದ್ರೆ ಒತ್ತುವ ಮನೆಯೇ?
– ವಕೀಲರು, ಮೈಸೂರು

ಉತ್ತರ: ನಿಮ್ಮ ಊರಿಗೆ ಸಂಬಂಧಿಸಿದ ಉದಾಹರಣೆಯೇ ಇದೆ. ಮಾಜಿ ಅರಸರಿಗೆ ಸರ್ಕಾರ ವರ್ಷವರ್ಷ ಕೊಡುತ್ತಿದ್ದ ರಾಜಧನದ ರದ್ದತಿಯ ಸಂವಿಧಾನ ತಿದ್ದುಪಡಿ ಮಸೂದೆ ಲೋಕಸಭೆಯಲ್ಲಿ ಗೆದ್ದು 1970ರ ಸೆಪ್ಟೆಂಬರ್ 5ರಂದು ರಾಜ್ಯಸಭೆಯಲ್ಲಿ ಮತಕ್ಕೆ ಬಂತು. ಮೈಸೂರಿನ ಮಹಾರಾಜರಿಗೆ ಆಗ ವರ್ಷಕ್ಕೆ 26 ಲಕ್ಷ ರೂಪಾಯಿ ಸಲ್ಲುತ್ತಿತ್ತು. ಪರ 149, ವಿರುದ್ಧ 75. ಒಟ್ಟು 224ರ ಮೂರನೇ ಎರಡು ಭಾಗ ಎಂದರೆ 149.33. ಒಂದು ಮತದ ಮೂರನೇ ಒಂದು ಭಾಗದಷ್ಟು ಕೊರತೆಯಿಂದ ಇಂದಿರಾ ಗಾಂಧಿ ಸರ್ಕಾರದ ಮಸೂದೆ ಬಿತ್ತು. ರಾಷ್ಟ್ರಪತಿಗಳ ಆದೇಶದ ಮೂಲಕ ಅರಸರ ಮಾನ್ಯತೆ ತೆಗೆಯಲು ಹೊರಟಾಗ ಸುಪ್ರೀಂ ಕೋರ್ಟ್ ಅದನ್ನು ರದ್ದುಪಡಿಸಿತು. ಚುನಾವಣೆ ಗೆದ್ದುಬಂದ ಸರ್ಕಾರ 1971ರ ಕೊನೆಯಲ್ಲಿ 26ನೇ ತಿದ್ದುಪಡಿಯ ಮೂಲಕ ಗುರಿ ಮುಟ್ಟಿತು. ಸಂವಿಧಾನ ತಿದ್ದುಪಡಿಗೆ ಜಂಟಿ ಅಧಿವೇಶನದ ದಾರಿಯಿಲ್ಲವಾದ್ದರಿಂದ ಅಲ್ಲಿ ರಾಜ್ಯಸಭೆಯ ‘ಇಲ್ಲ’ ನಿಜವಾದ ‘ಇಲ್ಲ’. ಸಾಮಾನ್ಯ ಮಸೂದೆಯಲ್ಲಿ ಭಿನ್ನಮತ ಬಂದರೆ ಜಂಟಿ ಅಧಿವೇಶನ ಕರೆಯಬಹುದು. ಈವರೆಗೆ 1961, 1978 ಮತ್ತು 2002ರಲ್ಲಿ ಹಾಗೆ ಮಾಡಲಾಗಿದೆ. ಹಣಕಾಸು ಮಸೂದೆಯನ್ನಂತೂ 14 ದಿನಕ್ಕಿಂತ ಹೆಚ್ಚು ಹಿಡಿದಿಡಲಾಗದು.

ನಮ್ಮ ವಿಧಾನ ಪರಿಷತ್ತನ್ನು ಇದೇ ಸಾಲಿಗೆ ಸೇರಿಸಬೇಡಿ. ಸಾಮಾನ್ಯ ಮಸೂದೆಯನ್ನು ಅದು ಮೊದಲ ಸಲ ಮೂರು ತಿಂಗಳು, ವಿಧಾನಸಭೆ ಮತ್ತೆ ಕಳಿಸಿದಾಗ ಒಂದು ತಿಂಗಳು ತಡೆಯಬಹುದು, ಅಷ್ಟೇ. 2024ರ ಫೆಬ್ರುವರಿ 23ರಂದು ಧಾರ್ಮಿಕ ದತ್ತಿ ತಿದ್ದುಪಡಿ ಮಸೂದೆ ಪರಿಷತ್ತಿನಲ್ಲಿ ಬಿದ್ದಾಗ, ಅದೇ ತಿಂಗಳ 29ರಂದು ವಿಧಾನಸಭೆ ಅದನ್ನು ಮತ್ತೊಮ್ಮೆ ಅಂಗೀಕರಿಸಿತು.

ಪ್ರಶ್ನೆ: ನಮ್ಮ ರಾಜ್ಯದ ಸದಸ್ಯರು ಯಾವ ಮಸೂದೆಗೆ ಹೇಗೆ ಮತ ಹಾಕಿದರೆಂದು ತಿಳಿಯುವ ಬಗೆ ಹೇಗೆ?
– ಪದವಿ ವಿದ್ಯಾರ್ಥಿ, ಹಾವೇರಿ

ಉತ್ತರ: ರಾಜ್ಯಸಭೆಯ ಜಾಲತಾಣದಲ್ಲಿ ಪ್ರತಿದಿನದ ಕಲಾಪದ ಪದಶಃ ವರದಿ ಸಿಗುತ್ತದೆ. ಮತ ವಿಭಜನೆಯಾಗಿದ್ದರೆ ಪರ, ವಿರೋಧ ಎಂದು ಹೆಸರುಗಳ ಪಟ್ಟಿ ಅದರಲ್ಲೇ ಇರುತ್ತದೆ; ಕರ್ನಾಟಕದ 12 ಸದಸ್ಯರ ಹೆಸರನ್ನು ಹುಡುಕಿಕೊಂಡರಾಯಿತು. ಧ್ವನಿಮತವಾಗಿದ್ದರೆ ಪ್ರಸ್ತಾವ ಅಂಗೀಕೃತವಾಯಿತು ಎಂಬ ಒಂದು ಸಾಲು ಮಾತ್ರ. ಆಗ ಸದಸ್ಯರು ಚರ್ಚೆಯಲ್ಲಿ ಆಡಿದ ಮಾತನ್ನು ಓದಿ ಊಹಿಸಬೇಕು, ಮಾತಾಡಿಯೇ ಇಲ್ಲದಿದ್ದರೆ ಅವರನ್ನೇ ಪತ್ರ ಬರೆದು ಕೇಳಬೇಕು.