ಬೆಲ್ಲೆ ಅಲ್ಲ, ಬರೀ ಬೆಲ್

ನೀವು ಹಾಕಿರೋ ಫ್ರೆಂಚ್ ನೋಟ್‌ಬುಕ್ ಫೋಟೋ ನೋಡಿ ನನ್ನ ಹಳೇ ಪುಸ್ತಕನೇ ನೋಡಿದಂಗಾಯ್ತು. ಒಂದೊಂದು ಫ್ರೆಂಚ್ ಪದನೂ ಬಿಡಿಸಿ ಕನ್ನಡದಲ್ಲಿ "ಬೆಲ್-ಲೆ" (belle, ಚೆಲುವೆ), "ಆಪ್-ಪಾರ್-ತೆ-ಮಾಂ" (appartement, ಫ್ಲ್ಯಾಟು) ಅಂತ ಬರ್ಕೊಂಡಿದೀರಿ, ಆಮೇಲೆ ಆಡಿಯೋ ಹಾಕಿದ್ರೆ ಒಂದೂ ಸಿಗ್ತಿಲ್ಲ ಅಂತೀರಿ, ಹೆಂಗ್ರೀ ಸಿಗುತ್ತೆ? ಜೋಡಿ ಅಕ್ಷರದ ಮಧ್ಯೆ ಕತ್ತರಿಸೋದು ಸಾಲಿನ ಕೊನೇಲಿ ಪದ ಮುರಿಯೋಕೆ ಇರೋ ರೂಲು, ಬಾಯಿಗಲ್ಲ. ಬಾಯಲ್ಲಿ ಅದು ಬೆಲ್, ಒಂದೇ ಸಿಲಬಲ್ (ಬಾಯಲ್ಲಿ ಒಂದೇ ಸಲಕ್ಕೆ ಬರೋ ತುಂಡು); ಇನ್ನೊಂದು ಅ-ಪಾರ್-ತ-ಮಾಂ. ಬೆಲ್ಲ ಹಪ್ಪಳ ಅಂದೂ ಅಂದೂ ನಮಗೆ ಜೋಡಿ ಅಕ್ಷರನ ಎರಡು ಸಲ ಹೇಳೋ ಚಟ. (ದಕ್ಷಿಣದಲ್ಲಿ, ಮಾರ್ಸೆ ಕಡೆ, ಇಂಥ ಪದದ ಕೊನೇ e ಅಕ್ಷರ ಸ್ವಲ್ಪ ಕೇಳಿಸುತ್ತೆ, ಪದ್ಯದಲ್ಲೂ ವ್ಯಂಜನದ ಮುಂದೆ ಬಂದ್ರೆ ಅದನ್ನ ಎಣಿಸ್ತಾರೆ, ಅದು ಬೇರೆ ಮಾತು.)

ಪದ ಬಿಡಿಸೋದು ಬಿಟ್ಟು ಇಡೀ ವಾಕ್ಯ ಬಿಡಿಸಿ. "ಎಲ್ ಅರೀವ್ ಅವೆಕ್ ಆನ್" (ಅವಳು ಆನ್ ಜೊತೆ ಬರ್ತಾಳೆ) ಅನ್ನೋದು ಕಿವಿಗೆ ಎ-ಲ-ರಿ-ವ-ವೆ-ಕಾನ್. ವ್ಯಂಜನ ಪಕ್ಕದ ಸ್ವರಕ್ಕೆ ಹಾರಿಬಿಡುತ್ತೆ, ಪದದ ಗಡಿನೇ ಉಳಿಯಲ್ಲ. ನಾನು ಸಿಲಬಲ್ಲಿಗೊಂದು ಬೆರಳು ಮಡಚ್ತಾ ಎಣಿಸ್ತಿದ್ದೆ, ದನಿಯ ಒತ್ತು ಕೊನೇ ಬೆರಳಿಗೆ ಮಾತ್ರ. ನಮ್ಮ ಸಂಧಿ ನೆನಪಿಸ್ಕೊಳ್ಳಿ: ಊರು ಅಲ್ಲಿ ಊರಲ್ಲಿ ಆದಂಗೆ ಲ ಮತ್ತು ಅಮಿ (ಗೆಳತಿ) ಸೇರಿ ಲಮಿ, ಲೋಪ ಸಂಧಿನೇ. ಮಳೆಗಾಲದಲ್ಲಿ ಕ ಹೋಗಿ ಗ ಬಂದಂಗೆ ನಫ್ ಅನ್ನೋ ಒಂಬತ್ತು ಅರ್ ಅನ್ನೋ "ಗಂಟೆ"ಗೆ ಅಂಟಿದ್ರೆ ಫ ಹೋಗಿ ವ, ನ-ವರ್.

ಆದ್ರೆ ಸಂಧಿ ಸಿಕ್ಕಿತು ಅಂತ ಎಲ್ಲಾ ಕಡೆ ಅಂಟಿಸ್ಬೇಡಿ, ನಾನು ಮಾನ ಕಳ್ಕೊಂಡಿದ್ದು ಅಲ್ಲೇ. ಓರಲ್ ಪರೀಕ್ಷೇಲಿ "ಲೆಝಮಿ" (ಲೆ + ಅಮಿ, ಗೆಳೆಯರು) ಸರಿ ಬಂತಲ್ಲ ಅಂತ ಜೋರಲ್ಲಿ ಸ್ವಾತಂತ್ರ್ಯ ಹೋರಾಟದ ವೀರರನ್ನ "ಲೆ ಝೆರೋ" ಅಂದೆ. ಅಂದ್ರೆ ಸೊನ್ನೆಗಳು! ಪರೀಕ್ಷೆ ಮಾಡ್ತಿದ್ದೋರು ಪೆನ್ ಕೆಳಗಿಟ್ಟು ನಕ್ಕರು. ಅದು ಲೆ ಎರೋ, ಬರಹದಲ್ಲಿ ಎರೋ ಮೊದಲಿಗಿರೋ ಎಚ್ ಉಚ್ಚಾರ ಆಗ್ದಿದ್ರೂ ಸಂಧಿಗೆ ಬಿಡಲ್ಲ, ಲೆ ಅರಿಕೋ (ಬೀನ್ಸ್) ಕೂಡ ಹಂಗೇ. ತಮಾಷೆ ಅಂದ್ರೆ ಎರೋ ಪದದ ಸ್ತ್ರೀಲಿಂಗಕ್ಕೆ ಈ ತಕರಾರೇ ಇಲ್ಲ, ಲೆರೊಯಿನ್ ಅಂತ ಆರಾಮಾಗಿ ಸೇರುತ್ತೆ. ಲಾಜಿಕ್ ಹುಡುಕ್ಬೇಡಿ, ಬಾಯಿಪಾಠ ಮಾಡಿ. ಪೆತಿ ರೊಬೇರ್ ಡಿಕ್ಷನರೀಲಿ ಇಂಥ ಪದದ ಉಚ್ಚಾರದ ಮುಂದೆ ಒಂದು ಚಿಕ್ಕ ಗುರುತು ಇರುತ್ತೆ, ದುಡ್ಡಿಗೆ ಮೋಸ ಇಲ್ಲ. ಇನ್ನು "ಎ" ಅಂದ್ರೆ "ಮತ್ತು", ಬರೆಯೋದು et, ಅದರ ಟಿ ಯಾವತ್ತೂ ಮುಂದಕ್ಕೆ ಅಂಟಲ್ಲ.

ಆಟ ಆಡಿಸೋ ಆ್ಯಪ್‌ಗಳನ್ನ ನಂಬ್ಕೊಂಡು ಕೂರ್ಬೇಡಿ, ಬಿಡಿ ಪದ ಕೇಳ್ಸಿ ಕಿವಿ ಕೆಡಿಸ್ತಾವೆ. ಆರ್‌ಎಫ್‌ಐನ (ಫ್ರಾನ್ಸಿನ ರೇಡಿಯೋ) ಸುಲಭ ಫ್ರೆಂಚ್ ನ್ಯೂಸ್‌ಗೆ ಬರಹನೂ ಸಿಗುತ್ತೆ, ಮೊದ್ಲು ಕೇಳಿ, ಬೆರಳಲ್ಲಿ ಎಣಿಸಿ, ಆಮೇಲೆ ನೋಡಿ. ಹಾಂ, ಹತ್ತು ಒಂಟಿಯಾಗಿದ್ರೆ ದಿಸ್, ಹತ್ತು ವರ್ಷ ಅಂದ್ರೆ ದಿ-ಝಾಂ, ಹತ್ತು ಪುಸ್ತಕ ಅಂದ್ರೆ ಬರೀ ದಿ-ಲೀವ್ರ್. ನಾಳೆ ಫೋಟೋ ಬೇಡ, ಒಂದು ವಾಕ್ಯ ವಾಯ್ಸ್ ನೋಟ್ ಹಾಕಿ.