ಅಡಿಕೆ ಶೆಡ್ಡಿನಲ್ಲಿ ಗಾಲ್ಫ್: ಮೊದಲು ಮಾಡಿನ ಎತ್ತರ ಅಳೆಯಿರಿ

ಪ್ರಶ್ನೆ: ನಮ್ಮದು ಬದಿಯಡ್ಕದ ಹತ್ತಿರ ಅಡಿಕೆ ತೋಟ. ಮಗಳು ಬೆಂಗಳೂರಿನಲ್ಲಿ ಕೆಲಸಕ್ಕಿದ್ದಾಗ ಗಾಲ್ಫ್ ಕಲಿತಳು. ಈಗ ಮನೆಯಿಂದಲೇ ಕೆಲಸ. ಆಡಬೇಕೆಂದರೆ ಮಂಗಳೂರಿನ ಪಿಲಿಕುಳಕ್ಕೆ ಹೋಗಬೇಕು, ಅಲ್ಲಿಗೆ ಒಂದು ದಿನ ಮುಗಿಯಿತು. ಮನೆ ಹಿಂದಿನ ಅಂಗಳದಲ್ಲಿ ಗಾಲ್ಫ್ ಸಿಮ್ಯುಲೇಟರ್ ಹಾಕಿಸೋಣ ಅನ್ನುತ್ತಾಳೆ. ಪರದೆಗೆ ಚೆಂಡು ಹೊಡೆದರೆ ಅದು ಮೈದಾನದಲ್ಲಿ ಎಲ್ಲಿ ಹೋಗಿ ಬೀಳುತ್ತಿತ್ತು ಅಂತ ತೋರಿಸುತ್ತದಂತೆ. ಅವಳ ಅಪ್ಪನಿಗೆ ಇದು ದುಡ್ಡು ಹಾಳು ಅನ್ನಿಸಿದೆ. ನಮ್ಮ ಮಳೆಗೆ ಇದು ತಡೆದೀತೇ? ಅಂಗಳದ ಪಕ್ಕ 24 ಅಡಿ ಉದ್ದ, 14 ಅಡಿ ಅಗಲದ ಶೀಟಿನ ಶೆಡ್ಡೂ ಇದೆ.
— ಬದಿಯಡ್ಕದ ಓದುಗರು

ಉತ್ತರ: ಅಕ್ಕಾ, ಅಂಗಳ ಬೇಡ. ಶೆಡ್ಡಿನಲ್ಲೇ ಮಾಡಿ.

ಯಾಕೆ ಅಂತ ಹೇಳುತ್ತೇನೆ. ನವೆಂಬರಿನಿಂದ ಏಪ್ರಿಲ್‌ವರೆಗೆ ಆ ಅಂಗಳ ತುಂಬ ನಿಮ್ಮ ಅಡಿಕೆ ಹರಡಿರುತ್ತದೆ. ಆಡಲು ಒಳ್ಳೆಯ ಒಣ ಹವೆ ಇರುವುದೂ ಅದೇ ತಿಂಗಳುಗಳಲ್ಲಿ. ಅಡಿಕೆ ಎತ್ತಿ ಅಂಗಳ ಖಾಲಿಯಾಗುವ ಹೊತ್ತಿಗೆ ಮಳೆ ಶುರು. ಇನ್ನು ಬಿಸಿಲಿಗೆ ಪರದೆಯ ಮೇಲಿನ ಚಿತ್ರ ಕಾಣುವುದೇ ಇಲ್ಲ. ಕ್ಯಾಮೆರಾ ಇರುವ ಯಂತ್ರಗಳ ಮೇಲೆ ನೇರ ಬಿಸಿಲು ಬಿದ್ದರೆ ಲೆಕ್ಕವೂ ತಪ್ಪುತ್ತದೆ.

ನಾನು ಮಸ್ಕತ್‌ನ ಶಾಲೆಯೊಂದರಲ್ಲಿ ವ್ಯಾಯಾಮ ಶಿಕ್ಷಕನಾಗಿದ್ದಾಗ ಈ ಆಟ ಕಲಿತವನು. ಕುಂಬಳೆಯ ಹತ್ತಿರ ನಮ್ಮ ಮನೆಯಲ್ಲಿ ದನ ಸಾಕುವುದು ನಿಲ್ಲಿಸಿದ ಮೇಲೆ ಹಟ್ಟಿ ಖಾಲಿ ಬಿದ್ದಿತ್ತು. ಅದರಲ್ಲೇ ಇದನ್ನು ಮಾಡಿದೆ. ಹಾಗಾಗಿ ಕೆಳಗೆ ಬರೆಯುವುದೆಲ್ಲ ಕೈಯಾರೆ ಮಾಡಿ, ಒಂದೆರಡು ಕಡೆ ಪೆಟ್ಟು ತಿಂದು ಕಲಿತದ್ದು.

ಮೊದಲ ಕೆಲಸ ಅಳತೆ. ಉದ್ದ, ಅಗಲ ನಿಮ್ಮಲ್ಲಿ ಸಾಕಷ್ಟಿದೆ. ನನಗೆ ಚಿಂತೆ ಎತ್ತರದ್ದು. ನೀವು ಅದನ್ನೇ ಬರೆದಿಲ್ಲ. ನಮ್ಮ ಕಡೆಯ ಶೆಡ್ಡಿನ ಮಾಡು ಇಳಿಜಾರು ಅಲ್ವಾ? ನಡುವೆ 11 ಅಡಿ ಇದ್ದರೂ ಬದಿಗೆ ಬಂದಾಗ 7 ಅಡಿ ಇರುತ್ತದೆ. ಡ್ರೈವರ್ ಅನ್ನುವ ಉದ್ದದ ಕೋಲು ಸುಮಾರು 45 ಇಂಚು. ಅದನ್ನು ತಲೆಯ ಮೇಲಿಂದ ಬೀಸುವಾಗ 9 ಅಡಿ ಎತ್ತರವಾದರೂ ಬೇಕು, 10 ಇದ್ದರೆ ನೆಮ್ಮದಿ. ಮಗಳನ್ನೇ ಶೆಡ್ಡಿನ ನಡುವೆ ನಿಲ್ಲಿಸಿ, ಕೋಲು ಹಿಡಿದು ನಿಧಾನವಾಗಿ ಬೀಸಲು ಹೇಳಿ. ಹಿಂದೆ, ಮೇಲೆ, ಮುಂದೆ, ಮೂರೂ ಕಡೆ ಕೋಲಿನ ತುದಿ ಎಲ್ಲಿಗೆ ಬರುತ್ತದೆ ನೋಡಿ. ಅದರ ಮೇಲೆ ಇನ್ನೂ ಒಂದು ಅಡಿ ಉಳಿಯಬೇಕು. ಅಡ್ಡ ಬರುವ ಪಕಾಸು, ಟ್ಯೂಬ್‌ಲೈಟು, ಫ್ಯಾನು ಎಲ್ಲ ತೆಗೆಸಿ. ಮಾಡು ತಲೆಯ ಹತ್ತಿರವೇ ಇದ್ದರೆ ಆಡುವವರು ಗೊತ್ತಿಲ್ಲದೆ ಕೈ ಮಡಚಿ ಬೀಸಲು ಶುರುಮಾಡುತ್ತಾರೆ. ಆ ಅಭ್ಯಾಸ ಒಮ್ಮೆ ಕೂತರೆ ಬಿಡಿಸುವುದು ಕಷ್ಟ. ಎತ್ತರ ಸಾಲದಿದ್ದರೆ ಮಾಡು ಏರಿಸಿದ ಮೇಲೆಯೇ ಉಳಿದ ಮಾತು. ಬೇರೆ ಯಾವುದಕ್ಕೂ ಅದಕ್ಕೆ ಮೊದಲು ದುಡ್ಡು ಹಾಕಬೇಡಿ.

ಇನ್ನು ಯಂತ್ರ. ಇದಕ್ಕೆ ಲಾಂಚ್ ಮಾನಿಟರ್ ಅನ್ನುತ್ತಾರೆ. ಚೆಂಡು ಹಾರುವುದು ಎಂಟು ಹತ್ತು ಅಡಿ ಮಾತ್ರ, ಆಮೇಲೆ ಪರದೆಗೆ ಬಡಿಯುತ್ತದೆ. ಕಣ್ಣು ಮಿಟುಕಿಸುವಷ್ಟೂ ಹೊತ್ತಿಲ್ಲ. ಅಷ್ಟರಲ್ಲಿ ಚೆಂಡಿನ ವೇಗ, ಎಷ್ಟು ಕೋನದಲ್ಲಿ ಎದ್ದಿತು, ಯಾವ ಕಡೆ ತಿರುಗಿತು ಎಂದು ಹಿಡಿದು, ಉಳಿದ ಹಾರಾಟವನ್ನು ಲೆಕ್ಕ ಹಾಕಿ ತೋರಿಸುತ್ತದೆ. ಇದರಲ್ಲಿ ಎರಡು ಜಾತಿ. ರಾಡಾರಿನದ್ದು ಚೆಂಡಿನ ಹಿಂದೆ 6ರಿಂದ 8 ಅಡಿ ದೂರದಲ್ಲಿ ಕೂರುತ್ತದೆ. ಕ್ಯಾಮೆರಾದ್ದು ಹೆಚ್ಚಾಗಿ ಚೆಂಡಿನ ಪಕ್ಕದಲ್ಲೇ. ಹಿಂದೆ 8 ಅಡಿ, ಮುಂದೆ 10 ಅಡಿ, ಪರದೆಯ ಹಿಂದೆ ಒಂದೆರಡು ಅಡಿ ಅಂತ ಹಿಡಿದರೆ 20 ಅಡಿ ಆಯಿತು. ನಿಮ್ಮ 24 ಅಡಿಗೆ ಎರಡೂ ಹೊಂದುತ್ತದೆ. ಗಾರ್ಮಿನ್ ಕಂಪನಿಯ ಆರ್10 ಎಂಬ ಸಣ್ಣ ರಾಡಾರ್ ಯಂತ್ರ 2021ರಲ್ಲಿ ಅಮೆರಿಕದಲ್ಲಿ ಸುಮಾರು 600 ಡಾಲರಿಗೆ ಬಂತು. ಡೆನ್ಮಾರ್ಕಿನ ಟ್ರ್ಯಾಕ್‌ಮ್ಯಾನ್ ಕಂಪನಿಯ ದೊಡ್ಡ ಯಂತ್ರಕ್ಕೆ ಆಗ 20,000 ಡಾಲರಿಗೂ ಜಾಸ್ತಿ ಇತ್ತು. ದೊಡ್ಡ ಆಟಗಾರರು, ತರಬೇತುದಾರರು ಇಟ್ಟುಕೊಳ್ಳುವುದು ಅಂಥದ್ದನ್ನು. ನಿಮ್ಮ ಮಗಳಿಗೆ ಸಣ್ಣದು ಧಾರಾಳ ಸಾಕು. ಚೆಂಡಿನ ತಿರುಗುವಿಕೆ ತೋರಿಸುವುದರಲ್ಲಿ ಅದು ಅಷ್ಟು ಖಚಿತವಲ್ಲ, ದೂರ ಮತ್ತು ದಿಕ್ಕು ಚೆನ್ನಾಗಿ ಹೇಳುತ್ತದೆ.

ಪರದೆ, ಪ್ರೊಜೆಕ್ಟರ್ ಕೊನೆಗೆ. ಇದನ್ನು ಒತ್ತಿ ಹೇಳುತ್ತೇನೆ. ಮೊದಲ ವರ್ಷ ಒಂದು ಗಟ್ಟಿ ಬಲೆ, ಒಂದು ಒಳ್ಳೆಯ ಮ್ಯಾಟ್, ಆ ಸಣ್ಣ ಯಂತ್ರ, ಕೈಯಲ್ಲಿರುವ ಫೋನು, ಇಷ್ಟೇ ಇರಲಿ. ಚೆಂಡು ಎಲ್ಲಿ ಹೋಯಿತು ಅಂತ ಫೋನೇ ತೋರಿಸುತ್ತದೆ. ಮಗಳು ವಾರಕ್ಕೆ ಮೂರು ದಿನವಾದರೂ ಶೆಡ್ಡಿಗೆ ಹೋಗುತ್ತಾಳಾ ನೋಡಿ. ಹೋಗುತ್ತಾಳೆ ಅಂತಾದರೆ ಪರದೆ ತನ್ನಿ. ಅವಳ ಅಪ್ಪನಿಗೂ ಈ ಲೆಕ್ಕ ಒಪ್ಪಿಗೆಯಾದೀತು.

ಬಲೆಯ ವಿಷಯದಲ್ಲಿ ಸಲಿಗೆ ಬೇಡ. ಗಾಲ್ಫ್ ಚೆಂಡು 46 ಗ್ರಾಂ ಒಳಗೆ, ಕೋಳಿಮೊಟ್ಟೆಗಿಂತ ಹಗುರ. ಆದರೆ ಚೆನ್ನಾಗಿ ಹೊಡೆದರೆ ಗಂಟೆಗೆ 200 ಕಿಲೋಮೀಟರ್ ದಾಟುತ್ತದೆ. ನರ್ಸರಿಗೆ ಕಟ್ಟುವ ಹಸಿರು ಶೇಡ್‌ನೆಟ್ ಅದನ್ನು ತಡೆಯುವುದಿಲ್ಲ. ಚೆಂಡಿನ ಅಡ್ಡಳತೆ 42.67 ಮಿಲಿಮೀಟರ್, ಬಲೆಯ ಕಣ್ಣು ಒಂದು ಇಂಚಿಗಿಂತ ದೊಡ್ಡದಿರಬಾರದು. ನಾನು ಬದಿಗಳಿಗೆ ಮೀನು ಹಿಡಿಯುವ ದಪ್ಪ ನೈಲಾನ್ ಬಲೆಯನ್ನು ಎರಡು ಪದರವಾಗಿ ಇಳಿಬಿಟ್ಟಿದ್ದೇನೆ. ಬಲಗೈಯವರು ಹೊಡೆಯುವಾಗ ಚೆಂಡು ಕೋಲಿನ ದಂಡ ತಲೆಗೆ ಸೇರುವ ಜಾಗಕ್ಕೆ ತಾಗಿದರೆ ಸೀದಾ ಬಲಕ್ಕೆ ಸಿಡಿಯುತ್ತದೆ. ಆ ಬದಿಯಲ್ಲಿ ಕಿಟಕಿ, ಬಾವಿಕಟ್ಟೆ, ಜನ ಓಡಾಡುವ ದಾರಿ ಇದ್ದರೆ ಅಲ್ಲಿ ಬಲೆ ಇನ್ನೂ ಮುಂದಕ್ಕೆ ಬರಲಿ. ಕಂಬಕ್ಕೆ ಜಿಐ ಪೈಪೇ ಆಗಬೇಕು. ಪೈಪಿಗೆ ಸ್ಪಂಜು ಸುತ್ತಿ, ಇಲ್ಲದಿದ್ದರೆ ಚೆಂಡು ತಿರುಗಿ ನಿಮ್ಮ ಕಡೆಗೇ ಬರುತ್ತದೆ.

ನನಗೆ ಹಾಗೇ ಆಗಿದ್ದು. ಮೊದಲ ಸಲ ಪರದೆಯನ್ನು ಚೆಂಡೆಯ ಚರ್ಮದ ಹಾಗೆ ಬಿಗಿದು ಕಟ್ಟಿದ್ದೆ. ಚಿತ್ರ ಸುಕ್ಕಿಲ್ಲದೆ ಚೆನ್ನಾಗಿ ಕಾಣಲಿ ಅಂತ. ಮೂರನೇ ಹೊಡೆತಕ್ಕೆ ಚೆಂಡು ಹಿಂದಕ್ಕೆ ಹಾರಿ ಕಿವಿಯ ಪಕ್ಕದಿಂದ ಹೋಯಿತು. ಹಿಂದೆ ಬಾಗಿಲಲ್ಲಿ ಅಣ್ಣನ ಮಗು ನಿಂತಿತ್ತು. ಆ ದಿನ ರಾತ್ರಿ ನಿದ್ದೆ ಬರಲಿಲ್ಲ. ಮಾರನೇ ದಿನವೇ ರಬ್ಬರ್ ಹುರಿ ಹಾಕಿ ಪರದೆ ಸಡಿಲ ಬಿಟ್ಟೆ, ಹಿಂದೆ ಗೋಡೆಗೆ ತಾಗದಂತೆ ಒಂದೂವರೆ ಅಡಿ ಜಾಗ ಬಿಟ್ಟೆ. ನಿಮ್ಮಲ್ಲೂ ಹೊಡೆಯುವವರ ಹಿಂದೆ, ಪಕ್ಕ ಯಾರೂ ನಿಲ್ಲಬಾರದು. ಬಾಗಿಲಿಗೆ ಒಳಗಿನಿಂದ ಚಿಲಕ ಇರಲಿ.

ಮ್ಯಾಟ್ ಬಗ್ಗೆ ಒಂದು ಮಾತು. ಸಿಮೆಂಟಿನ ಮೇಲೆ ತೆಳ್ಳಗಿನ ಹುಲ್ಲಿನ ಹಾಸು ಹಾಕಿ ಹೊಡೆದರೆ ಪೆಟ್ಟೆಲ್ಲ ಮೊಣಕೈಗೆ ಬರುತ್ತದೆ. ದನಗಳಿಗೆ ಹಟ್ಟಿಯಲ್ಲಿ ಹಾಸುವ ದಪ್ಪ ರಬ್ಬರ್ ಮ್ಯಾಟ್ ಇದೆಯಲ್ಲ, ಅದನ್ನು ಕೆಳಗೆ ಹಾಕಿ. ಅದರ ಮೇಲೆ ಗಾಲ್ಫಿನ ಮ್ಯಾಟ್. ಕಾಲಿಡುವ ಜಾಗ, ಚೆಂಡಿಡುವ ಜಾಗ ಎರಡೂ ಒಂದೇ ಮಟ್ಟದಲ್ಲಿರಬೇಕು.

ಪ್ರೊಜೆಕ್ಟರ್ ತರುವಾಗ ಶಾರ್ಟ್ ಥ್ರೋ, ಅಂದರೆ ಹತ್ತಿರದಿಂದಲೇ ದೊಡ್ಡ ಚಿತ್ರ ಬೀಳಿಸುವಂಥದ್ದು, ಅಂತಲೇ ಕೇಳಿ. ಮಾಮೂಲಿ ಪ್ರೊಜೆಕ್ಟರಿನಲ್ಲಿ 10 ಅಡಿ ಅಗಲದ ಚಿತ್ರಕ್ಕೆ ಸುಮಾರು 15 ಅಡಿ ದೂರ ಬೇಕು. ಆಗ ಅದು ಮಗಳ ಬೆನ್ನ ಹಿಂದೆ ಬಂದು ಅವಳ ನೆರಳೇ ಪರದೆಗೆ ಬೀಳುತ್ತದೆ.

ಇನ್ನು ನಿಮ್ಮ ಮುಖ್ಯ ಪ್ರಶ್ನೆ, ಮಳೆ. ಶೆಡ್ಡಿನೊಳಗೆ ಮಳೆ ನೀರಿಗಿಂತ ಥಂಡಿಯದ್ದೇ ಕಾಟ ಜಾಸ್ತಿ. ಮೊದಲ ಆಟಿಯಲ್ಲಿ ನನ್ನ ಪರದೆಗೆ ಬೂಷ್ಟು ಹಿಡಿದು ಕಪ್ಪು ಚುಕ್ಕಿ ಬಿತ್ತು, ಇವತ್ತಿಗೂ ಹೋಗಿಲ್ಲ. ಪಡುವಣ ಬದಿಯಿಂದ ಎರಚಲು ಹೊಡೆಯುತ್ತದೆ, ಆ ಕಡೆ ಟರ್ಪಾಲು ಇಳಿಬಿಡಿ. ಪರದೆಯನ್ನು ಕೊಕ್ಕೆಗೆ ಸಿಕ್ಕಿಸುವ ಹಾಗೆ ಮಾಡಿಸಿ, ಜೂನಿನಲ್ಲಿ ಬಿಚ್ಚಿ ಒಣಗಿಸಿ ಅಟ್ಟದಲ್ಲಿಡಿ. ಮಳೆಗಾಲದಲ್ಲಿ ಬಲೆಗೇ ಹೊಡೆಯಲಿ. ಏಪ್ರಿಲ್, ಮೇ ಮತ್ತು ತುಲಾ ತಿಂಗಳ ಮಳೆಯ ಗುಡುಗು ಶುರುವಾದ ಕೂಡಲೇ ಪ್ಲಗ್ ಕಿತ್ತುಬಿಡಿ, ಸ್ವಿಚ್ ಆರಿಸಿದರೆ ಸಾಲದು. ಪ್ರೊಜೆಕ್ಟರ್, ಯಂತ್ರ ಎರಡೂ ರಾತ್ರಿ ಮನೆಯೊಳಗೇ ಇರಲಿ. ಶೆಡ್ಡಿಗೆ ಅರ್ತಿಂಗ್ ಸರಿಯಿದೆಯಾ ಅಂತ ವಯರಿಂಗ್ ಮಾಡುವವರಿಂದ ಒಮ್ಮೆ ನೋಡಿಸಿ.

ದುಡ್ಡು ಹಾಳು ಅನ್ನುವ ಯಜಮಾನರಿಗೆ ನನ್ನದೊಂದು ಕೋರಿಕೆ. ಬೆಂಗಳೂರಿನ ಅದಿತಿ ಅಶೋಕ್ ಟೋಕಿಯೊ ಒಲಿಂಪಿಕ್ಸ್‌ನಲ್ಲಿ 4ನೇ ಸ್ಥಾನಕ್ಕೆ ಬಂದಾಗ, 2021ರ ಆ ಬೆಳಗ್ಗೆ ಗಾಲ್ಫ್ ಏನೆಂದೇ ಗೊತ್ತಿಲ್ಲದವರೂ ಟಿವಿ ಮುಂದೆ ಕೂತಿದ್ದರು. ನಿಮ್ಮ ಮಗಳು ಅಷ್ಟು ದೂರ ಹೋಗಬೇಕೆಂದೇನಿಲ್ಲ. ದಿನವಿಡೀ ಕಂಪ್ಯೂಟರ್ ಮುಂದೆ ಕೂತವಳು ಸಂಜೆ ಒಂದು ಗಂಟೆ ಮೈ ಬಗ್ಗಿಸಿ ಆಡುತ್ತೇನೆ ಅನ್ನುತ್ತಾಳೆ. ಶೆಡ್ಡಿನಲ್ಲಿ ಆ ಜಾಗ ಬಿಟ್ಟುಕೊಡಿ.

ಪ್ರಶ್ನೆ: ಪೇಟೆಯಲ್ಲಿ ಹಳೆಯ ಗಾಲ್ಫ್ ಚೆಂಡು ಕಡಿಮೆ ಬೆಲೆಗೆ ಸಿಕ್ಕಿದೆ. ಪರದೆಗೆ ಹೊಡೆಯಬಹುದಾ?
— ಉಪ್ಪಳದ ವಿದ್ಯಾರ್ಥಿ

ಉತ್ತರ: ಒಂದೊಂದನ್ನೂ ಬೆರಳಿನಿಂದ ಸವರಿ ನೋಡು ತಮ್ಮಾ. ತರಚಿದ್ದು, ಒರಟಾಗಿ ತಾಗುವುದು ಇದ್ದರೆ ಬೇರೆ ಇಡು. ಅದು ಪರದೆಯ ನೂಲು ಕೀಳುತ್ತದೆ. ನುಣ್ಣಗಿರುವುದನ್ನು ಸೋಪಿನ ನೀರಲ್ಲಿ ತೊಳೆದು, ಒರೆಸಿ ಬಳಸು. ಪೆನ್ನಿನಲ್ಲಿ ಗೀಟು ಹಾಕಿದ ಚೆಂಡು ಬೇಡ, ಶಾಯಿ ಪರದೆಗೆ ಅಂಟುತ್ತದೆ. ಬಲೆಗೆ ಹೊಡೆಯುವುದಾದರೆ ತರಚಿದ್ದೂ ನಡೆಯುತ್ತದೆ.