ರೆಡಿಂಗ್‌ಗೆ ಬರುವ ಮುಂಚೆ: 42,000 ಪೌಂಡಿನ ಲೆಕ್ಕ

ತಮ್ಮ,

ನಿನ್ನ ಪತ್ರ ಎರಡು ಸಲ ಓದಿದೆ. ಇಂಗ್ಲೆಂಡಿನ ರೆಡಿಂಗ್‌ನಲ್ಲಿ ಕೆಲಸ ಸಿಕ್ಕಿದೆ, ವರ್ಷಕ್ಕೆ 42,000 ಪೌಂಡ್ ಸಂಬಳ, ಜೊತೆಗೆ ಹೆಂಡತಿ ಮತ್ತು ಮೂರು ವರ್ಷದ ಮಗಳು ಬರುತ್ತಾರೆ ಅಂತ ಬರೆದಿದ್ದೀಯ. "ಪೌಂಡಿಗೆ 120 ರೂಪಾಯಿ ಹಾಕಿದರೆ ಐವತ್ತು ಲಕ್ಷ ಆಯ್ತು ಅಕ್ಕಾ. ಅಲ್ಲಿ ಹಣದುಬ್ಬರ ಈಗ ಇಳಿದಿದೆಯಂತೆ, ಅಂದ್ರೆ ಖರ್ಚು ಮೊದಲಿನ ಹಾಗೇ ಆಗಿರುತ್ತೆ ಅಲ್ವಾ? ತಿಂಗಳಿಗೆ ಒಂದು ಲಕ್ಷ ಉಳಿಸಬಹುದಾ?" ಅಂತ ಕೇಳಿದ್ದೀಯ.

ಕೆಲಸ ಸಿಕ್ಕಿದ್ದು ಬಹಳ ಸಂತೋಷ. ಬರಬೇಡ ಅಂತ ನಾನು ಹೇಳಲ್ಲ. ಆದರೆ ನಿನ್ನ ಪ್ರಶ್ನೆಯ ನಡುವೆ ಒಂದು ತಪ್ಪು ತಿಳಿವಳಿಕೆ ಇದೆ. ಅದನ್ನು ಬಿಡಿಸದೆ ನೀನು ವಿಮಾನ ಹತ್ತೋದು ನನಗೆ ಇಷ್ಟ ಇಲ್ಲ. 2009ರಲ್ಲಿ ನಾನು ಹಾಸನದಿಂದ ಬಂದೆ. ಇಲ್ಲೊಂದು ಕಂಪನಿಯಲ್ಲಿ ನೌಕರರ ಸಂಬಳದ ಲೆಕ್ಕ ನೋಡೋದೇ ನನ್ನ ಕೆಲಸ. ಹಾಗಾಗಿ ಈ ವಿಷಯ ನಾನು ಕಂಪ್ಯೂಟರ್ ಮುಂದೆಯೂ ನೋಡಿದ್ದೇನೆ, ಅಡುಗೆಮನೆಯಲ್ಲೂ ನೋಡಿದ್ದೇನೆ.

ಹಣದುಬ್ಬರ ಇಳಿಯಿತು ಅಂದರೆ ಬೆಲೆ ಇಳಿಯಿತು ಅಂತ ಅರ್ಥ ಅಲ್ಲ. ಬೆಲೆ ಏರೋ ವೇಗ ಕಡಿಮೆ ಆಯಿತು, ಅಷ್ಟೇ. ಧರ್ಮಸ್ಥಳದಿಂದ ಹಾಸನಕ್ಕೆ ಬರೋ ಬಸ್ಸು ನೆನಪಿಸಿಕೋ. ಶಿರಾಡಿ ಘಾಟಿಯಲ್ಲಿ ಡ್ರೈವರ್ ಗೇರ್ ಇಳಿಸುತ್ತಾನೆ, ಬಸ್ಸು ನಿಧಾನ ಆಗುತ್ತೆ. ಹಾಗಂತ ಅದು ವಾಪಸ್ ಗುಂಡ್ಯಕ್ಕೆ ಹೋಯಿತಾ? ಇಲ್ಲ. ನಿಧಾನವಾಗಿಯಾದರೂ ಹತ್ತುತ್ತಲೇ ಇದೆ.

ಇಲ್ಲಿನ ಅಂಕಿಸಂಖ್ಯೆ ಇಲಾಖೆಯವರು ಸುಮಾರು 700 ಬಗೆಯ ಸಾಮಾನು, ಸೇವೆಗಳ ಬೆಲೆಯನ್ನು ಪ್ರತಿ ತಿಂಗಳು ನೋಡುತ್ತಾರೆ. ಹಿಂದಿನ ವರ್ಷದ ಅದೇ ತಿಂಗಳಿಗಿಂತ ಎಷ್ಟು ಜಾಸ್ತಿ ಆಗಿದೆ ಅಂತ ಲೆಕ್ಕ ಹಾಕಿ ಹೇಳುತ್ತಾರೆ. 2022ರ ಅಕ್ಟೋಬರ್‌ನಲ್ಲಿ ಅದು ಶೇ. 11.1 ಆಯಿತು. ನಲವತ್ತು ವರ್ಷಗಳಲ್ಲಿ ಅಷ್ಟು ಆಗಿರಲಿಲ್ಲ. 2023ರ ಅಕ್ಟೋಬರ್‌ಗೆ ಶೇ. 4.6ಕ್ಕೆ ಬಂತು, 2024ರ ಅಕ್ಟೋಬರ್‌ಗೆ ಶೇ. 2.3. ಪತ್ರಿಕೆಗಳಲ್ಲಿ "ಹಣದುಬ್ಬರ ಇಳಿಕೆ" ಅಂತ ದಪ್ಪಕ್ಷರದಲ್ಲಿ ಬಂದದ್ದು ಇದೇ. 2025ರ ಅಕ್ಟೋಬರ್‌ನಲ್ಲಿ ಮತ್ತೆ ಶೇ. 3.6. ಈಗ ಇವನ್ನು ಒಂದರ ಮೇಲೊಂದು ಪೇರಿಸು. 2021ರ ಅಕ್ಟೋಬರ್‌ನಲ್ಲಿ 100 ಪೌಂಡಿಗೆ ಬರುತ್ತಿದ್ದ ಸಾಮಾನು ಮುಂದಿನ ವರ್ಷ 111 ಆಯಿತು. ಆಮೇಲೆ 116, ಆಮೇಲೆ 119, ನಾಲ್ಕು ವರ್ಷದ ಕೊನೆಗೆ ಸುಮಾರು 123. ಈ ಸಾಲಿನಲ್ಲಿ ಒಂದು ಸಲವೂ ಇಳಿದಿಲ್ಲ ನೋಡು.

ಊರಲ್ಲೂ ಅಷ್ಟೇ ಅಲ್ವಾ. 2025ರ ಅಕ್ಟೋಬರ್‌ನಲ್ಲಿ ಭಾರತದ ಹಣದುಬ್ಬರ ಬರೀ ಶೇ. 0.25 ಅಂತ ಲೆಕ್ಕ ಬಂತು. ಆ ವಾರವೇ ಅಮ್ಮ ಫೋನಿನಲ್ಲಿ ತೆಂಗಿನಕಾಯಿ ಬೆಲೆ ಹೇಳಿ ಅರ್ಧ ಗಂಟೆ ಬೇಜಾರು ಮಾಡಿಕೊಂಡರು. ಅರಸೀಕೆರೆಯವನಾದ ನಿನಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

2022ರ ಚಳಿಗಾಲದ ಬಗ್ಗೆ ಸ್ವಲ್ಪ ಹೇಳುತ್ತೇನೆ. ಅದನ್ನು ನೋಡದವರಿಗೆ ಇಲ್ಲಿಯವರು ಯಾಕೆ ಇನ್ನೂ ಹೀಟರ್ ಗುಂಡಿ ಮುಟ್ಟೋಕೆ ಯೋಚನೆ ಮಾಡುತ್ತಾರೆ ಅಂತ ಅರ್ಥ ಆಗಲ್ಲ. ಇಲ್ಲಿ ಹೆಚ್ಚಿನ ಮನೆಗಳು ಬೆಚ್ಚಗಾಗೋದು ಗ್ಯಾಸಿನಿಂದ. ಕರೆಂಟಿನ ದರವನ್ನೂ ಬಹುಪಾಲು ಗ್ಯಾಸಿನ ದರವೇ ತೀರ್ಮಾನ ಮಾಡುತ್ತೆ. 2022ರ ಫೆಬ್ರವರಿಯಲ್ಲಿ ರಷ್ಯಾ ಯುಕ್ರೇನ್ ಮೇಲೆ ಯುದ್ಧಕ್ಕೆ ಹೋಯಿತು. ಅದಕ್ಕೂ ಮುಂಚೆಯೇ ಏರುತ್ತಿದ್ದ ಗ್ಯಾಸಿನ ದರ ಆಮೇಲೆ ಹಿಡಿತಕ್ಕೇ ಸಿಗಲಿಲ್ಲ. ಒಂದು ಸಾಧಾರಣ ಮನೆಯ ಗ್ಯಾಸು, ಕರೆಂಟಿಗೆ ವರ್ಷಕ್ಕೆ ಇಷ್ಟು ಅಂತ ಆಫ್‌ಜೆಮ್ ಅನ್ನೋ ನಿಯಂತ್ರಣ ಸಂಸ್ಥೆ ಮಿತಿ ಹಾಕುತ್ತೆ. 2021ರ ಅಕ್ಟೋಬರ್‌ನಲ್ಲಿ ಆ ಮಿತಿ 1,277 ಪೌಂಡ್ ಇತ್ತು. ಮರು ವರ್ಷದ ಅಕ್ಟೋಬರ್‌ಗೆ 3,549 ಆಗುತ್ತೆ ಅಂತ ಹೇಳಿದರು. ಸರ್ಕಾರ ಕೈ ಹಾಕಿ ಅದನ್ನು 2,500ಕ್ಕೆ ಹಿಡಿಯಿತು. ಮೇಲೆ ಪ್ರತಿ ಮನೆಯ ಕರೆಂಟ್ ಬಿಲ್ಲಿಗೆ ಆ ಚಳಿಗಾಲದಲ್ಲಿ ಒಟ್ಟು 400 ಪೌಂಡ್ ಕೊಟ್ಟಿತು. ಇಷ್ಟೆಲ್ಲ ಆದರೂ ಬಿಲ್ಲು ಹಿಂದಿನ ವರ್ಷದ ಒಂದೂವರೆ ಪಟ್ಟಿಗಿಂತ ಜಾಸ್ತಿಯೇ ಬಂತು.

ನಮ್ಮ ಅಡುಗೆಮನೆ ಕಿಟಕಿ ಕಟ್ಟೆಯ ಮೇಲೆ ಒಂದು ಪುಟ್ಟ ಡಬ್ಬಿ ಇದೆ. ಅವತ್ತು ಎಷ್ಟು ಕರೆಂಟು, ಎಷ್ಟು ಗ್ಯಾಸು ಖರ್ಚಾಯಿತು ಅಂತ ಪೌಂಡು, ಪೆನ್ಸಿನಲ್ಲಿ ತೋರಿಸುತ್ತೆ. ಡಿಸೆಂಬರ್‌ನಲ್ಲಿ ಬೆಳಗ್ಗೆ ಏಳಕ್ಕೆ ಕಾಫಿಗೆ ಹಾಲಿಡುವ ಹೊತ್ತಿಗೇ ಎರಡೂವರೆ ಪೌಂಡ್ ಆಗಿರುತ್ತಿತ್ತು. ಹಗಲೆಲ್ಲ ಹೀಟರ್ ಆರಿಸಿಬಿಟ್ಟೆವು. ಆಗ ದೋಸೆ ಹಿಟ್ಟು ಉಬ್ಬೋದು ನಿಂತಿತು. ರಾತ್ರಿ ರುಬ್ಬಿಟ್ಟರೆ ಮರುದಿನ ಸಂಜೆಗೂ ಹಾಗೇ, ತಣ್ಣಗೆ, ಸಿಮೆಂಟಿನ ಹಾಗೆ ಕೂತಿರುತ್ತಿತ್ತು. ಕೊನೆಗೆ ಬಿಸಿನೀರಿನ ಸಿಲಿಂಡರ್ ಇರುವ ಕಪಾಟಿನೊಳಗೆ, ಟವೆಲ್‌ಗಳ ನಡುವೆ ಪಾತ್ರೆ ಇಟ್ಟೆ. ಮಗ ಶಾಲೆಯಿಂದ ಬಂದವನು ಕೋಟು ಬಿಚ್ಚದೆ ಹೋಮ್‌ವರ್ಕ್ ಮಾಡುತ್ತಿದ್ದ. ಅದನ್ನು ನೆನೆದರೆ ಈಗಲೂ ಹೊಟ್ಟೆಯೊಳಗೆ ಒಂಥರಾ ಆಗುತ್ತೆ.

2025ರ ಕೊನೆಗೆ ಆ ಮಿತಿ 1,750ರ ಆಸುಪಾಸಿಗೆ ಬಂದಿತ್ತು. 2,500ರಿಂದ ನೋಡಿದರೆ ಇಳಿಕೆ, 1,277ರಿಂದ ನೋಡಿದರೆ ಏರಿಕೆ. ಇನ್ನೊಂದು ಮಾತು. ಮಿತಿ ಅಂದ ತಕ್ಷಣ ಅದಕ್ಕಿಂತ ಜಾಸ್ತಿ ಬಿಲ್ಲು ಬರಲ್ಲ ಅಂತ ತಿಳಿಯಬೇಡ. ಮಿತಿ ಇರೋದು ಒಂದು ಯೂನಿಟ್ಟಿನ ದರಕ್ಕೆ. ಜಾಸ್ತಿ ಉರಿಸಿದರೆ ಜಾಸ್ತಿಯೇ ಬರುತ್ತೆ. ಹೊಸದಾಗಿ ಬಂದವರು ಮೊದಲ ಜನವರಿಯಲ್ಲಿ ಮೋಸ ಹೋಗೋದು ಇಲ್ಲೇ.

ಊಟದ ಬೆಲೆ ಇನ್ನೂ ಜೋರಾಗಿ ಏರಿತು. 2023ರ ಮಾರ್ಚ್‌ನಲ್ಲಿ ಆಹಾರದ ಹಣದುಬ್ಬರ ಶೇ. 19 ದಾಟಿತ್ತು. ಯುದ್ಧ ಶುರುವಾದ ವರ್ಷ ಸೂರ್ಯಕಾಂತಿ ಎಣ್ಣೆಯನ್ನು ಒಬ್ಬರಿಗೆ ಎರಡು ಮೂರು ಬಾಟಲಿ ಮಾತ್ರ ಅಂದರು. ಯುಕ್ರೇನ್‌ನಿಂದ ಬರುತ್ತಿದ್ದದ್ದು ನಿಂತಿತ್ತಲ್ಲ. 2023ರ ಫೆಬ್ರವರಿಯಲ್ಲಿ ಟೊಮೆಟೊ. ಸ್ಪೇನ್, ಮೊರಾಕ್ಕೋದಲ್ಲಿ ಹವಾಮಾನ ಕೆಟ್ಟು ಬೆಳೆ ಕೈಕೊಟ್ಟಿತು. ಇಲ್ಲಿನ ಗಾಜಿನ ಮನೆಗಳಲ್ಲಿ ಬೆಳೆಯೋರು ಬಿಸಿ ಮಾಡೋ ಖರ್ಚಿಗೆ ಹೆದರಿ ಕಡಿಮೆ ಬೆಳೆದಿದ್ದರು. ಅಂಗಡಿಗಳಲ್ಲಿ ಒಬ್ಬರಿಗೆ ಇಷ್ಟೇ ಪ್ಯಾಕೆಟ್ ಅಂತ ಚೀಟಿ ಅಂಟಿಸಿದರು. ನಾನು ಆ ತಿಂಗಳು ಬರೀ ಹುಣಸೆಹಣ್ಣಿನ ಸಾರು ಮಾಡಿದೆ. ಅದೇ ವರ್ಷ ಜುಲೈ 20ರಂದು ಭಾರತ ಸರ್ಕಾರ ಬಾಸ್ಮತಿ ಅಲ್ಲದ ಬಿಳಿ ಅಕ್ಕಿ ರಫ್ತು ನಿಲ್ಲಿಸಿತು. ನಮ್ಮ ಸೋನಾ ಮಸೂರಿಯೂ ಅದರಲ್ಲಿ ಸೇರಿತು. ಹದಿನಾಲ್ಕು ಪೌಂಡಿಗೆ ತರುತ್ತಿದ್ದ ಹತ್ತು ಕೆಜಿ ಚೀಲ ಇಪ್ಪತ್ತರ ಹತ್ತಿರ ಹೋಯಿತು. ನಾವು ಹೋಗೋ ಅಂಗಡಿಯಲ್ಲಿ ಮನೆಗೆ ಒಂದೇ ಚೀಲ. 2024ರ ಸೆಪ್ಟೆಂಬರ್‌ನಲ್ಲಿ ಆ ನಿಷೇಧ ತೆಗೆದರು, ಅಕ್ಕಿ ಬೇಕಾದಷ್ಟು ಬಂತು. ಆದರೆ ಹದಿನಾಲ್ಕು ಪೌಂಡಿನ ಚೀಲವನ್ನು ನಾನು ಮತ್ತೆ ಕಾಣಲಿಲ್ಲ.

ಇನ್ನು ಸಂಬಳ. ನಿನಗೆ ನಿಜವಾಗಿ ಹೇಳಬೇಕಾದ್ದು ಇದು. 2022ರ ಏಪ್ರಿಲ್‌ನಲ್ಲಿ ನಮ್ಮ ಕಂಪನಿ ಎಲ್ಲರಿಗೂ ಶೇ. 3 ಏರಿಸಿತು. ಆ ಕಾಗದಗಳನ್ನು ಮುದ್ರಿಸಿ ಲಕೋಟೆಗೆ ಹಾಕಿದ್ದು ನಾನೇ. ಜನ ಥ್ಯಾಂಕ್ಸ್ ಹೇಳಿದರು. ಅಕ್ಟೋಬರ್ ಬರುವ ಹೊತ್ತಿಗೆ ಅದು ಏರಿಕೆಯಾಗಿ ಉಳಿದಿರಲಿಲ್ಲ. ಬೆಲೆ ಶೇ. 11 ಏರಿ ಸಂಬಳ ಶೇ. 3 ಏರಿದರೆ ಅದು ಕಡಿತವೇ. ನೂರು ಜನರ ಸಂಬಳ ಕಡಿತ ಆಗಿದ್ದನ್ನು ನಾನು ಏರಿಕೆ ಅಂತ ಟೈಪ್ ಮಾಡಿದ್ದೆ. ಆ ಡಿಸೆಂಬರ್ 15ರಂದು ಇಲ್ಲಿನ ನರ್ಸುಗಳು ಮುಷ್ಕರಕ್ಕೆ ಇಳಿದರು. ಅವರ ಸಂಘದ ನೂರಕ್ಕೂ ಹೆಚ್ಚು ವರ್ಷದ ಇತಿಹಾಸದಲ್ಲಿ ಅಷ್ಟು ದೊಡ್ಡ ಮುಷ್ಕರ ನಡೆದಿರಲಿಲ್ಲ. ಅವರದು ತಪ್ಪು ಅಂತ ನನಗೆ ಒಂದು ಕ್ಷಣವೂ ಅನಿಸಲಿಲ್ಲ.

ಇನ್ನೊಂದು ಸಂಗತಿ ಇದೆ, ಇದನ್ನು ಯಾರೂ ಅಷ್ಟಾಗಿ ಮಾತಾಡಲ್ಲ. ವರ್ಷಕ್ಕೆ 12,570 ಪೌಂಡಿನವರೆಗೆ ಆದಾಯ ತೆರಿಗೆ ಇಲ್ಲ. ಈ ಅಂಕಿ 2021ರಿಂದ ಅಲ್ಲೇ ನಿಂತಿದೆ. ಬೆಲೆಗಳ ಜೊತೆ ಏರಿದ್ದರೆ 15,000 ದಾಟಬೇಕಿತ್ತು. ಸಂಬಳ ಸ್ವಲ್ಪ ಏರುತ್ತೆ, ಏರಿದ್ದರಲ್ಲಿ ತೆರಿಗೆಗೆ ಜಾಸ್ತಿ ಹೋಗುತ್ತೆ. ತೆರಿಗೆ ದರ ಹೆಚ್ಚಿಸಿದ್ದೇವೆ ಅಂತ ಯಾರೂ ಹೇಳಬೇಕಾಗೇ ಇಲ್ಲ.

ಬೆಲೆ ಏರಿಕೆ ತಡೆಯೋಕೆ ಬ್ಯಾಂಕ್ ಆಫ್ ಇಂಗ್ಲೆಂಡ್ ಬಡ್ಡಿ ಏರಿಸಿತು. 2021ರ ಡಿಸೆಂಬರ್ ತನಕ ಶೇ. 0.1 ಇದ್ದದ್ದು 2023ರ ಆಗಸ್ಟ್‌ಗೆ ಶೇ. 5.25. ನಡುವೆ 2022ರ ಸೆಪ್ಟೆಂಬರ್‌ನಲ್ಲಿ ಲಿಜ್ ಟ್ರಸ್ ಸರ್ಕಾರ, ದುಡ್ಡು ಎಲ್ಲಿಂದ ಅಂತ ತೋರಿಸದೆ ತೆರಿಗೆ ಕಡಿತ ಘೋಷಿಸಿ ಪೌಂಡಿನ ಬೆಲೆಯನ್ನೂ ಬೀಳಿಸಿತು, ಗೃಹಸಾಲದ ಬಡ್ಡಿಯನ್ನೂ ಏರಿಸಿತು. ನಮ್ಮ ಮನೆ ಸಾಲದ ಎರಡು ವರ್ಷದ ನಿಗದಿ ಬಡ್ಡಿ 2023ರಲ್ಲಿ ಮುಗಿಯಿತು. ತಿಂಗಳಿಗೆ 750 ಕಟ್ಟುತ್ತಿದ್ದವರು 1,100ರ ಹತ್ತಿರ ಕಟ್ಟಿದೆವು. ಬಾಡಿಗೆಗೆ ಬರುವ ನಿನಗೇಕೆ ಈ ಕತೆ ಅಂತೀಯಾ? ಬಾಡಿಗೆಗೆ ಕೊಡೋ ಎಷ್ಟೋ ಮಾಲೀಕರೂ ಹೀಗೇ ಸಾಲ ಮಾಡಿದವರು. ಅವರಿಗೆ ಏರಿದ ಕಂತು ಬಾಡಿಗೆಯಾಗಿ ನಿನ್ನ ತಲೆ ಮೇಲೆ ಬರುತ್ತೆ.

ಈಗ ನಿನ್ನ 42,000. ತಿಂಗಳಿಗೆ 3,500. ತೆರಿಗೆ, ನ್ಯಾಷನಲ್ ಇನ್ಶೂರೆನ್ಸ್ ಅಂತ ಸರ್ಕಾರ ಸಂಬಳದಲ್ಲೇ ಹಿಡಿಯೋ ವಂತಿಗೆ, ಪಿಂಚಣಿ ಎಲ್ಲ ಹಿಡಿದ ಮೇಲೆ ಕೈಗೆ 2,700ರ ಹತ್ತಿರ ಬರುತ್ತೆ. ರೆಡಿಂಗ್‌ನಲ್ಲಿ ಎರಡು ಬೆಡ್‌ರೂಮಿನ ಮನೆಗೆ 1,400 ಇಟ್ಟುಕೋ. ಊರಿನ ಆಡಳಿತಕ್ಕೆ ಕಟ್ಟೋ ಕೌನ್ಸಿಲ್ ಟ್ಯಾಕ್ಸ್ 180, ಗ್ಯಾಸು ಕರೆಂಟಿಗೆ 150, ನೀರು, ಫೋನು, ಇಂಟರ್‌ನೆಟ್‌ಗೆ 90, ಮನೆ ಸಾಮಾನಿಗೆ 450, ಓಡಾಟಕ್ಕೆ 150. ಉಳಿಯೋದು 280. ಮಗಳಿಗೆ ಒಂದು ಜಾಕೆಟ್, ಬೂಟು ತಂದರೆ ಅದರಲ್ಲೂ ಕರಗುತ್ತೆ. ಒಂದು ಬೆಡ್‌ರೂಮಿನಲ್ಲಿ ಮೊದಲ ವರ್ಷ ಹೊಂದಿಕೊಂಡರೆ 500 ಉಳಿಸಬಹುದು. ಒಂದು ಲಕ್ಷ ರೂಪಾಯಿ ಅಂದರೆ 830 ಪೌಂಡು. ಒಬ್ಬರ ಸಂಬಳದಲ್ಲಿ ಅದು ಆಗಲ್ಲ. ನಿನ್ನ ಹೆಂಡತಿಗೆ ಇಲ್ಲಿ ಕೆಲಸ ಮಾಡೋಕೆ ಅವಕಾಶ ಇದೆ, ಅವರೂ ದುಡಿದರೆ ಚಿತ್ರವೇ ಬೇರೆ. ಮೂರು ತುಂಬಿದ ಮಕ್ಕಳಿಗೆ ಮುಂದಿನ ಟರ್ಮ್‌ನಿಂದ ವಾರಕ್ಕೆ 15 ಗಂಟೆ ನರ್ಸರಿ ಉಚಿತ. ನಾಲ್ಕು ತುಂಬಿದ ಮೇಲೆ ಸರ್ಕಾರಿ ಶಾಲೆ, ಅದಕ್ಕೂ ಫೀಸಿಲ್ಲ. ಉಳಿದ ಸಹಾಯಧನ ಪಡೆಯುವಂತಿಲ್ಲ ಅಂತ ನಿಮ್ಮ ವೀಸಾ ನಿಯಮದಲ್ಲೇ ಇರುತ್ತೆ, ಅದನ್ನು ನಂಬಿ ಬರಬೇಡ.

ಬರುವ ಮುಂಚಿನ ಖರ್ಚು ಕೇಳಿದ್ದೀಯಾ ಕಂಪನಿಯವರನ್ನು? ವೀಸಾ ಜೊತೆಗೆ ಆರೋಗ್ಯ ಶುಲ್ಕ ಅಂತ ಮೊದಲೇ ಕಟ್ಟಬೇಕು. 2024ರ ಫೆಬ್ರವರಿ ತನಕ ದೊಡ್ಡವರಿಗೆ ವರ್ಷಕ್ಕೆ 624 ಇತ್ತು, ಈಗ 1,035. ಮಕ್ಕಳಿಗೆ 776. ಮೂರು ವರ್ಷದ ವೀಸಾ ಆದರೆ ನಿಮ್ಮ ಮೂವರಿಗೆ 8,538 ಪೌಂಡ್, ಒಂದೇ ಸಲ. ಹತ್ತು ಲಕ್ಷ ರೂಪಾಯಿ! ಎಷ್ಟೋ ಕಂಪನಿಗಳು ನೌಕರನದು ಮಾತ್ರ ಕೊಡುತ್ತವೆ, ಮನೆಯವರದು ಕೊಡಲ್ಲ. ಸಹಿ ಹಾಕುವ ಮುಂಚೆ ಬಾಯಿಬಿಟ್ಟು ಕೇಳು. ಹಾಗೇ ಪ್ರತಿ ವರ್ಷ ಸಂಬಳ ಯಾವ ತಿಂಗಳು ಪರಿಶೀಲನೆ ಮಾಡುತ್ತಾರೆ, ಹಿಂದಿನ ಮೂರು ವರ್ಷ ಎಷ್ಟೆಷ್ಟು ಏರಿಸಿದ್ದಾರೆ, ಅದನ್ನೂ ಕೇಳು. 2022ರಲ್ಲಿ ಎಷ್ಟು ಕೊಟ್ಟರು ಅಂತ ವಿಶೇಷವಾಗಿ ಕೇಳು. ಸಂಕೋಚ ಬೇಡ. ಇಲ್ಲಿ ಯಾರೂ ತಪ್ಪು ತಿಳಿಯಲ್ಲ.

ಅಂಗಡಿಯ ವಿಷಯ ನೀನೇ ಕಲೀತೀಯ. ಆಲ್ಡಿ, ಲಿಡ್ಲ್ ಅನ್ನೋ ಅಗ್ಗದ ಸೂಪರ್‌ಮಾರ್ಕೆಟ್‌ಗಳಿಂದ ತರಕಾರಿ, ಹಾಲು. ಬೇಳೆ, ಅಕ್ಕಿ ನಮ್ಮವರ ಅಂಗಡಿಯಿಂದ ದೊಡ್ಡ ಚೀಲ. ಬೆಲೆ ಚೀಟಿಯಲ್ಲಿ ದೊಡ್ಡ ಅಂಕಿ ನೋಡಬೇಡ, ಮೂಲೆಯಲ್ಲಿ ಸಣ್ಣದಾಗಿ ಕೆಜಿಗೆ ಎಷ್ಟು ಅಂತ ಇರುತ್ತೆ, ಅದನ್ನು ನೋಡು. ಪ್ಯಾಕೆಟ್ಟಿನ ಬೆಲೆ ಹಾಗೇ ಇಟ್ಟು ತೂಕ ಇಳಿಸಿರುತ್ತಾರೆ.

ಮನೆ ಹುಡುಕುವಾಗ ಮಾತ್ರ ಆತುರ ಬೇಡ. ಬಾಡಿಗೆ ಐವತ್ತು ಪೌಂಡ್ ಕಡಿಮೆ ಅಂತ ಹಳೇ ಮನೆ ಹಿಡಿದು ಗ್ಯಾಸಿಗೆ ನೂರು ಜಾಸ್ತಿ ಕಟ್ಟಿದವರನ್ನು ಎಷ್ಟೋ ಜನರನ್ನು ನೋಡಿದ್ದೇನೆ. ಪ್ರತಿ ಬಾಡಿಗೆ ಮನೆಗೂ ಇಪಿಸಿ ಅನ್ನೋ ಕಾಗದ ಇರಬೇಕು. ಮನೆ ಎಷ್ಟು ಬಿಸಿ ಹಿಡಿದಿಟ್ಟುಕೊಳ್ಳುತ್ತೆ ಅಂತ 'ಎ'ಯಿಂದ 'ಜಿ' ತನಕ ಅಕ್ಷರ ಕೊಟ್ಟಿರುತ್ತಾರೆ. 'ಸಿ' ಅಥವಾ ಮೇಲಿನದು ಸಿಕ್ಕರೆ ಹಿಡಿ. ಕಿಟಕಿ ಮೂಲೆಯಲ್ಲಿ, ಬೀರು ಹಿಂದೆ ಕೈ ಇಟ್ಟು ನೋಡು, ಒದ್ದೆ ಇದ್ದರೆ ಬಿಡು. ಚಿಕ್ಕ ಮಗು ಇದೆ ನಿಮಗೆ. ಠೇವಣಿ ಐದು ವಾರದ ಬಾಡಿಗೆಗಿಂತ ಜಾಸ್ತಿ ಕೇಳುವಂತಿಲ್ಲ, ಅದು ಕಾನೂನು.

ಎರಡು ಮೂರು ಮನೆ ನೋಡಿದ ಮೇಲೆ ಆ ಇಪಿಸಿ ಕಾಗದ, ಬಾಡಿಗೆ ಕರಾರು ಎರಡೂ ನನಗೆ ಕಳಿಸು. ಸಹಿ ಹಾಕೋ ಮುಂಚೆ ಕಳಿಸು, ಆಮೇಲೆ ಅಲ್ಲ. ಭಾನುವಾರ ಸಂಜೆ ನಾನು ಮನೆಯಲ್ಲೇ ಇರುತ್ತೇನೆ, ಕೂತು ಒಟ್ಟಿಗೇ ಲೆಕ್ಕ ಹಾಕೋಣ.